ರೇಷ್ಮೆ ಬೇಯಿಸಿದ ನೀರು

ಕೊಳ್ಳೇಗಾಲದ ಅತ್ತೆಮನೆಯ ಹಿತ್ತಲಲ್ಲಿ ನಾಲ್ಕು ಅರಿಶಿನದ ಗಿಡ ಬೆಳೆಸಲು ನಾನು ಪಟ್ಟ ಪಾಡನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಸಂಕ್ರಾಂತಿಯ ದಿನ ಪೊಂಗಲ್ ಮಡಕೆಯ ಕೊರಳಿಗೆ ಹಸಿ ಅರಿಶಿನದ ಗಿಡ ಕಟ್ಟುವುದು ನಮ್ಮ ನೇಕಾರರ ಬೀದಿಯ ರೂಢಿ. ತಮಿಳು ಸೀಮೆಯ ನೆಂಟಸ್ತನದಿಂದ ಬಂದದ್ದು. ಅದರ ಮೇಲೆ ನಮ್ಮ ಮನೆಯದೇ ಒಂದು ಪದ್ಧತಿ: ಸೊಸೆ ತವರಿನಿಂದ ತಂದ ಬೀಜದ ಅರಿಶಿನವನ್ನು ಹಿತ್ತಲಲ್ಲಿ ನೆಟ್ಟು, ಆ ಗಿಡವನ್ನೇ ಮಡಕೆಗೆ ಕಟ್ಟಬೇಕು. ಗಿಡ ಚೆನ್ನಾಗಿ ಬಂದರೆ ಅವಳ ಕೈಗುಣ ಒಳ್ಳೆಯದು. ಬರದಿದ್ದರೆ ಯಾರೂ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಸಂತೆಯಿಂದ ತಂದ ಗಿಡ ಕಟ್ಟಿ ಹಾಲು ಉಕ್ಕಿಸುವಾಗ ಸೊಸೆಯನ್ನು ಒಲೆಯ ಹತ್ತಿರ ಕರೆಯುತ್ತಿರಲಿಲ್ಲ, ಅಷ್ಟೆ.

ನನ್ನ ತವರು ಯಳಂದೂರು. ನಮ್ಮಪ್ಪ ಮಗ್ಗ ಬಿಟ್ಟು ಬೇಸಾಯ ಹಿಡಿದವರು. ಕೆರೆಯ ಕೆಳಗಿನ ಕಪ್ಪು ಎರೆಮಣ್ಣಿನಲ್ಲಿ ಅರಿಶಿನ ಬೇಡವೆಂದರೂ ಬರುತ್ತಿತ್ತು. ಇಲ್ಲಿಯದು ಕೆಂಪು ಗರಸು. ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದರೆ ಉಂಡೆಯೇ ಆಗದು, ನೀರು ಹೊಯ್ದರೆ ನಿಲ್ಲದು. ಮದುವೆಯಾದ ವರ್ಷ ಮುಂಗಾರು ಬಿದ್ದ ಮೇಲೆ ನೆಟ್ಟೆ. ಮೊಳಕೆ ಬಂತು. ಎಲೆ ಗೇಣುದ್ದ ಬೆಳೆದು, ತುದಿ ಸುಟ್ಟುಕೊಂಡು, ಹಳದಿಯಾಗಿ ಮಲಗಿತು. ಆ ಸಂಕ್ರಾಂತಿಯಲ್ಲಿ ನಾನು ಹಿತ್ತಲ ಬಾಗಿಲಲ್ಲಿ ನಿಂತು ಹಾಲು ಉಕ್ಕುವುದನ್ನು ನೋಡಿದೆ.

"ಯಳಂದೂರ ಬೀಜ ನಮ್ಮ ಮಣ್ಗೆ ಒಗ್ಗಲ್ಲ ಬುಡವ್ವ" ಎಂದರು ಅತ್ತೆ. ಬೀಜ ಎಂದರೆ ನಾನೇ ಎಂದು ನನಗೆ ಗೊತ್ತಾಗದೆ ಇರಲಿಲ್ಲ.

ಮಾರನೆಯ ವರ್ಷ ಬೀದಿಯವರೆಲ್ಲ ಮಣ್ಣಿನ ತಜ್ಞರಾದರು. ಅಜ್ಜೀಪುರದಿಂದ ಬಂದ ನೆಂಟರು ಕುರಿಗೊಬ್ಬರ ಹಾಕು ಎಂದರು, ಹಾಕಿದೆ. ಕಾಮಗೆರೆಯವರು ಬೂದಿ ಹಾಕು ಎಂದರು, ಅದನ್ನೂ ಹಾಕಿದೆ. ನಮ್ಮ ಯಜಮಾನರು ಮಗ್ಗದ ಕುಳಿಯಿಂದ ತಲೆಯೆತ್ತದೆ "ನೋಡಾಣ" ಎಂದರು. ಅವರು ಜೀವಮಾನವೆಲ್ಲ ಹಾಗೆಯೇ ನೋಡಿದರು. ಕೊನೆಗೆ ಅಣ್ಣನಿಗೆ ಹೇಳಿ ಕಳಿಸಿ ಒಂದು ಗಾಡಿ ಕೆರೆಯ ಗೋಡುಮಣ್ಣು ತರಿಸಿದೆ. ಆಗ ಯಳಂದೂರು ಮೈಸೂರಿನದು, ಕೊಳ್ಳೇಗಾಲ ಮದರಾಸಿನದು. ಅಕ್ಕಿಗೆ ಕಂಟ್ರೋಲ್ ಇದ್ದ ಕಾಲ. ಗಡಿಯ ಚೌಕಿಯವರು ಗೋಡಿನ ಅಡಿಯಲ್ಲಿ ಅಕ್ಕಿ ಇದೆಯೆಂದು ಅರ್ಧ ಗಾಡಿ ನೆಲಕ್ಕೆ ಸುರಿಸಿದರಂತೆ.

"ಮಣ್ಣು ಸಾ, ತಂಗಿ ಮನೆ ಇತ್ಲಿಗೆ ಅಂದೆ ಕಣವ್ವ. ತಂಗಿಗೆ ಸೀರೆ ತಕಂಡೋಗೋರ ನೋಡಿವ್ನಿ, ಮಣ್ಣು ತಕಂಡೋಗೋನು ನೀನೊಬ್ನೇ ಅಂತ ನಗಾಡುದ್ರು" ಎಂದು ಅಣ್ಣ ಮುಖ ಊದಿಸಿಕೊಂಡು ಹೇಳಿದ. ಸುರಿದಿದ್ದನ್ನು ಅವನೇ ಮತ್ತೆ ತುಂಬಿಕೊಂಡು ಬಂದಿದ್ದ.

ಆ ಗೋಡು ಹರಡಿ ನೆಟ್ಟರೂ ಎಲೆಯ ತುದಿ ಸುಟ್ಟಿತು. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಂದು ಬೆಳಿಗ್ಗೆ ಗಿಡದ ಬುಡ ಕೆದಕುತ್ತಿದ್ದಾಗ ಮಣ್ಣಿನ ಮೇಲೆ ಸುಣ್ಣ ಸವರಿದ ಹಾಗೆ ಬಿಳಿಯ ಪದರ ಕಂಡಿತು. ನಮ್ಮಪ್ಪ ಉಪ್ಪುಗಟ್ಟಿದ ಚೌಳು ನೆಲವನ್ನು ಗುರುತಿಸುತ್ತಿದ್ದುದು ನಾಲಿಗೆಯಿಂದ. ನಾನೂ ಚಿಟಿಕೆ ಮಣ್ಣು ಬಾಯಿಗಿಟ್ಟೆ. ಸೋಡದ ರುಚಿ. ಆಗ ಹಿತ್ತಲ ಒಲೆಯ ಕಡೆ ತಿರುಗಿ ನೋಡಿದೆ. ರೇಷ್ಮೆ ನೂಲಿನ ಅಂಟು ಬಿಡಿಸಲು ನಮ್ಮಲ್ಲಿ ಸೋಡ, ಸೋಪು ಹಾಕಿ ಬೇಯಿಸುತ್ತಿದ್ದೆವು. ಆ ನೀರನ್ನು ಅತ್ತೆ ಆರಿಸಿ, ಒಂದು ಹನಿಯೂ ಚೆಲ್ಲದೆ, ಪ್ರತಿ ಸಲವೂ ನನ್ನ ಗಿಡಗಳಿಗೆ ಹೊಯ್ಯುತ್ತಿದ್ದರು. ರೇಷ್ಮೆಯ ಸತ್ವವೆಲ್ಲ ಅದರಲ್ಲಿದೆ ಎಂದು ಅವರ ನಂಬಿಕೆ. ಗಿಡ ಹಳದಿಯಾದಷ್ಟೂ ಒಂದು ಚೊಂಬು ಹೆಚ್ಚು.

ತಿರುಗುವಷ್ಟರಲ್ಲಿ ಅತ್ತೆ ಬಾಗಿಲಲ್ಲಿದ್ದರು. ಅವರು ಕಂಡದ್ದು ಸೊಸೆ ಮಣ್ಣು ತಿನ್ನುವುದನ್ನು.

"ಬಾಯಿಗೆ ಮಣ್ಣು ಕೇಳ್ತಾದೆ ಅಂತ ಮೊದ್ಲೇ ಯೋಳ್ಬಾರ್ದಾ ಮಗಾ" ಎಂದು ಕೈ ಹಿಡಿದು ಒಳಗೆ ಕರೆದೊಯ್ದು ಬೆಲ್ಲ ತಿನ್ನಿಸಿದರು. ಸಂಜೆಯೊಳಗೆ ಬೀದಿಯೆಲ್ಲ ನಾನು ಬಸುರಿ. ಹಾಗಲ್ಲ, ಮಣ್ಣು ಚೌಳಾಗಿದೆ, ಸೋಡದ ನೀರು ಹೊಯ್ಯಬೇಡಿ ಎಂದರೆ, ಬಸುರಿಯರ ಮಾತು ಹೀಗೆಯೇ ಎಂದು ನಕ್ಕರು. ಬಸುರಿಯಲ್ಲವೆಂದು ತಿಳಿದ ಮೇಲೆ ಬೆಲ್ಲ ನಿಂತಿತು, ನೀರು ನಿಲ್ಲಲಿಲ್ಲ. ಮಾತು ಮಾತ್ರ ಮೊದಲಿಗಿಂತ ಕಡಿಮೆಯಾಯಿತು. ಆ ಸಂಕ್ರಾಂತಿಗೂ ಸಂತೆಯ ಗಿಡವೇ ಬಂತು.

ಮೂರನೆಯ ವರ್ಷ ಹಿತ್ತಲಿಗೆ ಕೈಮುಗಿದೆ. ರಾಗಿಯ ಗುಡಾಣವೊಂದು ಬಾಯಿ ಒಡೆದು ಮೂಲೆ ಸೇರಿತ್ತು. ಅದರ ತಳಕ್ಕೆ ತೂತು ಕೊರೆದು ಬೀದಿಯ ಜಗಲಿಯ ಮೇಲಿಟ್ಟೆ. ಹಿಂದಿನ ವರ್ಷದ ಗಾಡಿಯಲ್ಲಿ ಮಿಕ್ಕಿದ್ದ ಗೋಡು ನೀರು ಹಿಡಿಯಲಿ ಎಂದು ಹಾಕಿದೆ, ಬುಡ ಕೊಳೆಯದಿರಲಿ ಎಂದು ಊರಾಚೆಯಿಂದ ತಂದ ಗರಸು ಬೆರೆಸಿದೆ, ಹಳೆಯ ಸಗಣಿಗೊಬ್ಬರ ಸೇರಿಸಿದೆ. ಬಾವಿಯ ನೀರು ಬಿಟ್ಟು ಬೇರೇನೂ ಹೊಯ್ಯಲಿಲ್ಲ. ಅತ್ತೆಯ ಚೊಂಬಿಗೆ ಹೆದರಿ ನೂಲು ಸುತ್ತುವ ರಾಟೆಯನ್ನೂ ಅಲ್ಲಿಗೇ ಒಯ್ದು, ಹಗಲೆಲ್ಲ ಕಾವಲು ಕೂತೆ. ಗಿಡ ಸೊಂಟದವರೆಗೆ ಎದ್ದಿತು. ಎಲೆಯಲ್ಲಿ ಒಂದು ಕಲೆಯಿರಲಿಲ್ಲ.

ಸಂಕ್ರಾಂತಿಯ ಬೆಳಿಗ್ಗೆ ಅತ್ತೆ ತಾವೇ ಬಂದು ಗಿಡವನ್ನು ಗೆಡ್ಡೆಸಮೇತ ಕಿತ್ತು, ತೊಳೆದು, ನನ್ನ ಕೈಗೆ ಕೊಟ್ಟರು. "ಕಟ್ಟವ್ವ, ನೀನೇ ಕಟ್ಟು" ಎಂದರು. ಒಲೆಯ ಮುಂದೆ ಕೂತು ಮಡಕೆಗೆ ಕಟ್ಟಿದೆ. ಹಾಲು ಉಕ್ಕಿತು. ಎರಡು ವರ್ಷದ ಸಿಟ್ಟು ಇಳಿದೇಹೋಯಿತು ಅಂದುಕೊಂಡೆ.

ನೋಡಲು ಬಂದ ಪಕ್ಕದ ಮನೆಯಾಕೆ, ಇಂಥ ಗಿಡ ಹೇಗೆ ಬಂತು ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಬೀಜ ನಮ್ಮ ಸೊಸೇದು ಕಣವ್ವ, ಮಣ್ಣು ನಂದು. ನಾ ಎರಡು ವರ್ಸ ರೇಸ್ಮೆ ನೀರು ಉಯ್ದು ಉಯ್ದು ಹದ ಮಾಡಿದ್ ಮಣ್ಣು. ಸುಮ್ನೆ ಬಂದದಾ?"

ಅದು ಹಿತ್ತಲ ಮಣ್ಣೇ ಅಲ್ಲ ಎನ್ನಬೇಕೆಂದಿದ್ದೆ. ಹೆಗಲ ಮೇಲೆ ಆ ಕೈ ಇತ್ತು. ಬಸುರಿಯೆಂದು ಹಿಡಿದದ್ದನ್ನು ಬಿಟ್ಟರೆ, ಮೂರು ವರ್ಷದಲ್ಲಿ ಅವರು ಮೊದಲ ಸಲ ಇಟ್ಟ ಕೈ.

ಪಕ್ಕದ ಮನೆಯಾಕೆ ಆಗಲೇ ಚೊಂಬು ಹಿಡಿದು ನಮ್ಮ ಹಿತ್ತಲ ಒಲೆಯ ಕಡೆ ನಡೆದಿದ್ದಳು. ಅವಳ ಅಂಗಳದಲ್ಲಿ ಕನಕಾಂಬರ ಚೆನ್ನಾಗಿ ಹೂ ಬಿಡುತ್ತಿತ್ತು.