ಹಲ್ಲಿನಿಂದ ಕೇಳುತ್ತಿದ್ದವನು

ನನ್ನ ತಮ್ಮ ಗಿರಿ ಗಿಟಾರನ್ನು ಹಲ್ಲಿನಿಂದ ಕೇಳುತ್ತಿದ್ದ. ಮಂಚದ ಅಂಚಿನಲ್ಲಿ ಕೂತು, ಅದರ ಕೊಂಬಿನಂಥ ಮೇಲ್ತುದಿಯನ್ನು ಬಾಯಿಗೆ ತಂದು, ಮಾವಿನಕಾಯಿ ಕಚ್ಚುವವನ ಹಾಗೆ ಹಲ್ಲೂರಿ, ಕಣ್ಣು ಮುಚ್ಚಿಕೊಂಡು ದಪ್ಪ ತಂತಿಯನ್ನು ಮೀಟುತ್ತಿದ್ದ. ಪಕ್ಕದಲ್ಲಿದ್ದ ನನಗೆ ಕೇಳುತ್ತಿದ್ದುದು ರಬ್ಬರು ಎಳೆದು ಬಿಟ್ಟಂಥ ಸಣ್ಣ ಸದ್ದು. ಅವನ ತಲೆಯೊಳಗೆ ಅದು ದೊಡ್ಡದಾಗಿ ಮೊಳಗುತ್ತಿತ್ತಂತೆ. ಆ ಕೊಂಬಿನ ಬಣ್ಣ ಕಿತ್ತುಹೋಗಿ ಹಲ್ಲಿನ ಗುರುತುಗಳು ಸಾಲಾಗಿ ಬಿದ್ದಿವೆ. ಗಿಟಾರು ಈಗ ನನ್ನ ಮಂಚದ ಪಕ್ಕದಲ್ಲಿದೆ. ಅವನು ಊರಲ್ಲಿಲ್ಲ.

ಗಿರಿ ಜಿಗಣಿಯ ಒಂದು ಪ್ರೆಸ್ ಶಾಪಿನಲ್ಲಿ ಕೆಲಸಕ್ಕಿದ್ದ. ತಗಡಿನ ಹಾಳೆಯ ಮೇಲೆ ದಿನವಿಡೀ ಮಷೀನು ಬಡಿಯುವ ಕೆಲಸ. ಮನೆಗೆ ಬಂದ ಮೇಲೂ ಒಂದಷ್ಟು ಹೊತ್ತು ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. "ಕಿವಿಗೆ ಇವತ್ತಿನ ಡ್ಯೂಟಿ ಮುಗೀತು ಕಣಕ್ಕ. ಹಲ್ಲು ಇನ್ನೂ ಫ್ರೆಶ್ಶಾಗೈತೆ" ಎಂದು ನಗುತ್ತಿದ್ದ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮದುವೆಯಾಗಿ, ಅದು ಕೂಡಿಬರದೆ ತವರಿಗೆ ವಾಪಸು ಬಂದವಳು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ನಾವಿಬ್ಬರೇ.

ಆನೇಕಲ್ಲಿನ ಒಂದು ಆರ್ಕೆಸ್ಟ್ರಾದಲ್ಲಿ ಅವನು ತಗ್ಗು ದನಿಯ ಬೇಸ್ ಗಿಟಾರು ನುಡಿಸುತ್ತಿದ್ದ. ಮದುವೆ, ಗಣೇಶನ ಹಬ್ಬ, ರಾಜ್ಯೋತ್ಸವ ಎಂದು ಕರೆ ಬರುತ್ತಿತ್ತು. ಹಾಡುವವರಿಗೆ ಶಾಲು, ಡ್ರಮ್ಮಿನವನಿಗೆ ಚಪ್ಪಾಳೆ. ಇವನು ಸ್ಪೀಕರಿನ ನೆರಳಲ್ಲಿ ನಿಂತಿರುತ್ತಿದ್ದ. "ಏನ್ ಗಿರಿ, ಎಲ್ಲಾರ ಗಿಟಾರಲ್ಲೂ ಆರು ತಂತಿ, ನಿಂದ್ರಲ್ಲಿ ನಾಲ್ಕೇ. ಎರಡು ಕಿತ್ತೋಯ್ತಾ?" ಎಂದು ಯಾರಾದರೂ ಕಿಚಾಯಿಸಿದರೆ, "ಅವೆರಡನ್ನ ಬಾಡಿಗೆಗೆ ಬಿಟ್ಟಿದೀನಿ" ಎನ್ನುತ್ತಿದ್ದ. ಆ ಮಾತಿಗೆ ಎಲ್ಲರೂ ನಗುತ್ತಿದ್ದರು. ಆಮೇಲೆ ಅವನನ್ನು ಮರೆಯುತ್ತಿದ್ದರು.

ಮರೆಯದೆ ಹುಡುಕಿಕೊಂಡು ಬಂದವರೆಂದರೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಹುಡುಗರು. ಅವರದೊಂದು ಬ್ಯಾಂಡು ಇತ್ತು, ಕಂಪನಿಯ ವಾರ್ಷಿಕೋತ್ಸವಕ್ಕೆ ಬೇಸ್ ನುಡಿಸುವವನು ಬೇಕಿತ್ತು. ಅವರು ಆರಿಸಿದ್ದು ಹೊರದೇಶದ ಒಂದು ಹಾಡು. ಅದು ಶುರುವಾಗುವುದೇ ಬೇಸ್ ಗಿಟಾರಿನಿಂದ, ಬೇರೆ ಯಾವ ವಾದ್ಯವೂ ಇಲ್ಲ. ಆ ಬೇಸಿನ ಒಡಕು ದನಿ ತರಲು ಪ್ರಪಂಚದಲ್ಲೆಲ್ಲ ಜನ ತಲೆ ಕೆಡಿಸಿಕೊಂಡಿದ್ದಾರೆ ಎಂದು ಗಿರಿ ಹೇಳುತ್ತಿದ್ದ. ನನಗೂ ಕೇಳಿಸಿದ. ಬೋರ್‌ವೆಲ್ ಲಾರಿಯ ಕೊಳವೆಗೆ ಬಂಡೆ ಸಿಕ್ಕಾಗ ಬರುತ್ತದಲ್ಲ, ಥೇಟ್ ಅದೇ ಸದ್ದು ಎಂದೆ.

"ಅಕ್ಕ, ನೀ ಸರಿಯಾಗೇ ಹೇಳ್ದೆ," ಎಂದು ಗಿರಿ ಎದ್ದು ಕೂತ. "ಬೋರ್ ಕೊರೀವಾಗ ಮೇಲೆ ಕರಕರ ಅಂತೈತೆ, ಕೆಳಗೆ ನೆಲ ನಡುಗ್ತೈತೆ. ಎರಡೂ ಒಟ್ಟಿಗೆ. ನಾನು ಡಬ್ಬಿ ಹಾಕಿದ್ರೆ ಕರಕರ ಬತ್ತದೆ, ನೆಲ ಹೊಂಟೋಯ್ತದೆ."

ಡಬ್ಬಿ ಎಂದರೆ ಪೆಡಲ್ಲು. ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಕಬ್ಬಿಣದ ಡಬ್ಬಿ. ಗಿಟಾರಿನ ವೈರು ಒಂದು ಕಡೆಯಿಂದ ಒಳಗೆ ಹೋಗಿ, ಬೇರೆಯದೇ ದನಿಯಾಗಿ ಇನ್ನೊಂದು ಕಡೆಯಿಂದ ಸ್ಪೀಕರಿಗೆ ಬರುತ್ತದೆ. ಕಾಲಲ್ಲಿ ಒತ್ತಿದರೆ ಶುರು, ಮತ್ತೆ ಒತ್ತಿದರೆ ಬಂದ್. ಹಳೆಯ ಡಬ್ಬಿಗಳನ್ನು ಅಲ್ಲಿಂದ ಇಲ್ಲಿಂದ ಹುಡುಕಿ ತಂದ. ದನಿಯನ್ನು ಎರಡು ದಾರಿ ಮಾಡಿ, ಒಂದನ್ನು ಹಾಗೇ ಬಿಟ್ಟು, ಇನ್ನೊಂದನ್ನು ಮಾತ್ರ ಒಡೆದು, ಕೊನೆಗೆ ಎರಡನ್ನೂ ಸೇರಿಸಿದ. ನನಗೆ ಅರ್ಥವಾಗಲಿಲ್ಲ.

"ಬಸ್ಸಾರು ಮಾಡ್ತೀಯಲ್ಲ, ಅಂಗೇ," ಎಂದ. "ಸೊಪ್ಪು ಬೇಯಿಸಿ ಕಟ್ಟು ಒಂದ್ಕಡೆ ಬಸೀತೀಯ, ಸೊಪ್ಪು ಒಂದ್ಕಡೆ ಒಗ್ಗರಣೆ ಹಾಕ್ತೀಯ. ತಟ್ಟೇಲಿ ಮುದ್ದೆ ಪಕ್ಕಕ್ಕೆ ಎರಡೂ ಬತ್ತವೆ. ನಂಗೆ ಕಟ್ಟು ಸಿಕ್ಕೈತೆ, ಒಗ್ಗರಣೆ ಸಿಕ್ತಾ ಇಲ್ಲ."

ಆ ಒಗ್ಗರಣೆಗಾಗಿ ಸಂಜೆಗಳೆಲ್ಲ ಕಳೆದವು. ಗೋಡೆಯಾಚೆಯ ಬಾಡಿಗೆ ಮನೆಯ ಶರಣಮ್ಮ ರಾಯಚೂರಿನ ಕಡೆಯವಳು, ಒಮ್ಮೆ ಬಾಗಿಲಿಗೆ ಬಂದು, "ಯಕ್ಕಾ, ನಿಮ್ಮ ಮಿಕ್ಸರ್ ಕೆಟ್ಟೈತೇನ? ನಮ್ದು ಒಯ್ರಿ ಬೇಕಾದ್ರ" ಎಂದಳು. ಗಿರಿ ಅವಳಿಗೆ ಕೈ ಮುಗಿದ. ಡಬ್ಬಿಯ ತಿರುಪುಗಳು ಎಲ್ಲಿ ನಿಂತರೆ ದನಿ ಹತ್ತಿರ ಬರುತ್ತದೋ ಅಲ್ಲಿ ನನ್ನ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಡುತ್ತಿದ್ದ. ಧೂಳು ಹೊಡೆಯಲೂ ನನ್ನನ್ನು ಬಿಡುತ್ತಿರಲಿಲ್ಲ. ಒಂದೇ ಒಂದು ಕೆಲಸ ನನಗೆ ಒಪ್ಪಿಸಿದ್ದ: "ನಾನು ಮರ್ತು ಎದ್ದೋದ್ರೆ ವೈರು ಕಿತ್ತಿಡಕ್ಕ. ಚುಚ್ಚಿದ್ರೆ ಸಾಕು, ಸುಮ್ಕೆ ಕೂತ್ಕೊಂಡೇ ಬ್ಯಾಟರಿ ಕುಡೀತದೆ."

ವಾರ್ಷಿಕೋತ್ಸವ ಶನಿವಾರ ಇತ್ತು. ಆ ವಾರದ ನಡುವೆ ಒಂದು ಸಂಜೆ ನಾನು ಅಕ್ಕಿ ಆರಿಸುತ್ತ ಕೂತಿದ್ದಾಗ ಮೊರದಲ್ಲಿದ್ದ ಅಕ್ಕಿ ಕುಣಿಯಿತು. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು. ಮೇಲೆ ಬಂಡೆ ಕೊರೆಯುವ ಸದ್ದು, ಕೆಳಗೆ ನೆಲ. ಗಿರಿ ಗಿಟಾರು ಕಚ್ಚಿರಲಿಲ್ಲ. ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕೈ ಹಿಡಿದೆಳೆದು ದಪ್ಪ ತಂತಿಯ ಮೇಲಿಟ್ಟು, "ನೀನೂ ಮೀಟು" ಎಂದ. ಮೀಟಿದೆ. ಹೊಟ್ಟೆಯೊಳಗೆ ಯಾರೋ ಕದ ತಟ್ಟಿದ ಹಾಗಾಯಿತು. "ಸಿಕ್ತು ಕಣಕ್ಕ" ಎಂದು ಮೆಲ್ಲಗೆ ಹೇಳಿದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಬೇರೆ ಯಾವತ್ತೂ ಕೇಳಿಲ್ಲ.

ಇನ್ನು ನಾನು ಮಾಡಿದ್ದನ್ನು ಹೇಳುತ್ತೇನೆ.

ನಾನು ಕೆಲಸ ಮಾಡುವ ಕಡೆ ಹೊಗೆ ಕಂಡರೆ ಕೂಗುವ ಡಬ್ಬಿಗಳು ತಯಾರಾಗುತ್ತವೆ, ಚಾವಣಿಗೆ ಹಾಕುವಂಥವು. ಅವುಗಳಿಗೆ ಚೌಕ ಬ್ಯಾಟರಿ ಹಾಕಿ ಮುಚ್ಚುವುದು ನನ್ನ ಕೆಲಸ. ಮೀಟರು ಇಟ್ಟು ನೋಡಬೇಕೆಂಬುದು ನಿಯಮ. ಸೂಪರ್‌ವೈಸರು ಆಚೆ ಹೋದಾಗ ನಾವು ಹೆಂಗಸರು ಬ್ಯಾಟರಿಯ ತುದಿಯನ್ನು ನಾಲಿಗೆಗೆ ತಾಗಿಸಿ ನೋಡುತ್ತೇವೆ. ಚುರ್ರೆಂದರೆ ಪಾಸು. ಬರೀ ಹುಳಿ ಹುಳಿ ಎಂದರೆ ಕೆಂಪು ಬುಟ್ಟಿಗೆ. ವರ್ಷಗಟ್ಟಲೆ ಮಾಡಿ ನಾಲಿಗೆಗೆ ಅದೇ ಅಭ್ಯಾಸ.

ಆ ದನಿ ಸಿಕ್ಕ ಮಾರನೆಯ ದಿನ ಗಿರಿ ಡ್ಯೂಟಿಗೆ ಹೋಗಿದ್ದಾಗ, ದನಿ ಒಡೆಯುವ ಅವನ ಡಬ್ಬಿಯ ತಳದ ಮುಚ್ಚಳ ತೆಗೆದು, ಒಳಗಿದ್ದ ಅಂಥದೇ ಚೌಕ ಬ್ಯಾಟರಿಯನ್ನು ನಾಲಿಗೆಗೆ ಹಿಡಿದೆ. ಸೊರಗಿದ ಬ್ಯಾಟರಿ, ಮಜ್ಜಿಗೆ ನೆಕ್ಕಿದಷ್ಟು ಹುಳಿ. ಸ್ಟೇಜಿನ ಮೇಲೆ ಇದು ಕೈ ಕೊಟ್ಟರೆ ಏನು ಗತಿ ಎಂದುಕೊಂಡೆ. ಅವತ್ತು ಲೈನಿನಿಂದ ಒಂದು ಹೊಸ ಬ್ಯಾಟರಿಯನ್ನು ಖಾಲಿ ಟಿಫನ್ ಡಬ್ಬಿಯಲ್ಲಿ ಕರ್ಚೀಫಿಗೆ ಸುತ್ತಿ ತಂದೆ. ಗೇಟಿನಲ್ಲಿ ಸಿಕ್ಕಿಬಿದ್ದಿದ್ದರೆ ಕೆಲಸ ಹೋಗುತ್ತಿತ್ತು. ಅದನ್ನು ಹಾಕಿ, ಹಳೆಯದನ್ನು ತೆಗೆದುಕೊಂಡು ಹೋಗಿ ಕೆಂಪು ಬುಟ್ಟಿಗೆ ಎಸೆದೆ. ಯಾರಿಗೂ ಹೇಳದೆ ಒಳ್ಳೆಯದು ಮಾಡಿದೆನೆಂಬ ಹೆಮ್ಮೆ ನನಗೆ. ದನಿ ಸಿಕ್ಕಿದ್ದರಿಂದ ಗಿರಿ ಶನಿವಾರದ ತನಕ ಡಬ್ಬಿಯನ್ನು ಮತ್ತೆ ಒತ್ತಲಿಲ್ಲ.

ಶನಿವಾರ ನಾನೂ ಹೋಗಿದ್ದೆ, ಹಿಂದಿನ ಸಾಲಿನಲ್ಲಿ ಕೂತಿದ್ದೆ. ಗಿರಿ ಡಬ್ಬಿ ಒತ್ತಿದ. ಅದರ ಕೆಂಪು ದೀಪ ಹಿಂದೆಂದಿಗಿಂತ ಚೆನ್ನಾಗಿ ಉರಿಯಿತು. ದನಿ ಮಾತ್ರ ನುಣ್ಣಗೆ, ಉಬ್ಬಿಕೊಂಡು, ಜೇನುಹುಳದ ಥರ ಬಂತು. ಬಂಡೆಯೂ ಇಲ್ಲ, ನೆಲವೂ ಇಲ್ಲ. ಅವನು ಬಗ್ಗಿ ಚುಕ್ಕೆಗಳನ್ನು ನೋಡಿದ. ಎಲ್ಲ ತಿರುಪುಗಳೂ ಚುಕ್ಕೆಯ ಮೇಲೇ ಇದ್ದವು. ಮತ್ತೆ ಬಗ್ಗಿದ. ಡ್ರಮ್ಮಿನವನು ಕಾಯಲಿಲ್ಲ, ಹಾಡು ಹೇಗೋ ಮುಗಿಯಿತು. ಇಳಿದು ಬಂದ ಮೇಲೆ ಹಾಡಿದ ಹುಡುಗ ಅವನ ಹೆಗಲಿಗೆ ಕೈ ಹಾಕಿ ಹೇಳಿದ: "ಗುರು, ಬೇಜಾರ್ ಮಾಡ್ಕೋಬೇಡ. ಪ್ರೆಸ್ ಶಾಪಲ್ವಾ ನೀನು, ಒಂದ್ಸಲ ಕಿವಿ ಚೆಕ್ ಮಾಡಿಸ್ಕೊ."

ಮನೆಗೆ ಬಂದು ಗಿರಿ ಕೇಳಿದ: "ಅಕ್ಕ, ಡಬ್ಬೀನ ಯಾರಾದ್ರೂ ಮುಟ್ಟಿದ್ರಾ?"

"ಯಾರು ಮುಟ್ತಾರೆ? ನಾನು ಧೂಳೂ ಹೊಡ್ದಿಲ್ಲ."

ಕದ್ದು ತಂದದ್ದನ್ನು ಹೇಳಬೇಕಾಗುತ್ತದೆಂದು ಹಾಗೆಂದೆ. ಹೊಸ ಬ್ಯಾಟರಿಯಿಂದ ಕೆಡುಕು ಎಲ್ಲಾದರೂ ಉಂಟೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗಿರಿ ಗಿಟಾರನ್ನು ಗೋಡೆಗೆ ಒರಗಿಸಿ, "ಅಂಗಾದ್ರೆ ಅವತ್ತು ಬಂದಿದ್ದೇ ನನ್ ಭ್ರಮೆ" ಎಂದ. ನೀನೊಬ್ಬನೇ ಅಲ್ಲ, ನಾನೂ ಕೇಳಿದೆ, ತಟ್ಟೆಗಳೂ ಕೇಳಿದವು ಎನ್ನಬೇಕಿತ್ತು.

ಕಿವಿಯ ಡಾಕ್ಟರು ಸ್ವಲ್ಪ ಕಮ್ಮಿಯಿದೆ, ಪ್ರೆಸ್ಸಿನವರಿಗೆಲ್ಲ ಇರುವುದೇ ಎಂದರಂತೆ. ಗಿರಿ ಅದನ್ನು ಪೂರ್ತಿ ನಂಬಿದ. ಟಿವಿ ಜೋರು ಮಾಡಿದ. ನಾನು ಮೆಲ್ಲಗೆ ಕರೆದಾಗ ಕೇಳಿಸಿದರೂ ಕೇಳಿಸದವನ ಹಾಗೆ "ಆಂ?" ಎನ್ನುವುದನ್ನು ಕಲಿತ. ಆರ್ಕೆಸ್ಟ್ರಾ ಬಿಟ್ಟ. ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಸಂಜೆ ಮನೆ ಸುಮ್ಮನಾದಾಗ ನನಗೆ ಹಾಯೆನಿಸಿತ್ತು. ತಮ್ಮ ಕೊನೆಗೂ ಎಲ್ಲರಂತಾದ ಎಂದುಕೊಂಡಿದ್ದೆ.

ಎಲ್ಲರಂತೆ ಅವನೂ ಸಂಬಳ ಹೆಚ್ಚಿರುವ ಕಡೆ ಹೊರಟ. ಪುಣೆಯ ಹತ್ತಿರದ ಒಂದು ಫ್ಯಾಕ್ಟರಿ. ಬ್ಯಾಗು ಹೆಗಲಿಗೇರಿಸಿ, "ಡಬ್ಬಿ, ಗಿಟಾರು ಎಲ್ಲಾ ಯಾರಿಗಾದ್ರೂ ಕೊಟ್ಬಿಡು. ಕೇಳೋ ಕಿವಿ ಇರೋರಿಗೆ" ಎಂದು ಹೇಳಿ ಆಟೋ ಹತ್ತಿದ.

ನಾನು ಆ ಒಂದು ಡಬ್ಬಿಯನ್ನು ರಿಪೇರಿ ಅಂಗಡಿಯೊಂದಕ್ಕೆ ಒಯ್ದೆ. ಅಂಗಡಿಯವನು ತಳ ತೆಗೆದು ನೋಡಿ, "ಯಾರಕ್ಕ ಇದಕ್ಕೆ ಫುಲ್ ಚಾರ್ಜ್ ಬ್ಯಾಟರಿ ಹಾಕಿದ್ದು? ಇದು ಹಳೇ ಥರದ್ದು. ಸಾಯ್ತಾ ಇರೋ ಬ್ಯಾಟರಿ ಹಾಕಿದ್ರೇನೆ ಒಡಕು ದನಿ ಬರೋದು. ಅದಕ್ಕೇ ಅಂತ ಹಳೇ ಬ್ಯಾಟರಿ ಹುಡುಕ್ಕೊಂಡು ಬರೋರಿದಾರೆ ನಮ್ಮತ್ರ" ಎಂದ. ಅವನ ಕೈಯಿಂದ ಡಬ್ಬಿ ಕಿತ್ತುಕೊಂಡು ಬಸ್ಸು ಹತ್ತಿದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು, ಆದರೆ ದಾರಿ ಯಾವುದೂ ನೆನಪಿಲ್ಲ.

ಅಂದಿನಿಂದ ಡಬ್ಬಿಗೆ ವೈರು ಚುಚ್ಚಿಯೇ ಬಿಟ್ಟೆ. ಯಾರೂ ಬಾರಿಸದೆ ಅದು ತನ್ನಷ್ಟಕ್ಕೆ ಬ್ಯಾಟರಿ ಕುಡಿಯುತ್ತ ಹೋಯಿತು. ಕೆಲಸದಿಂದ ಬಂದು ಕೈಕಾಲು ತೊಳೆದು ನಾಲಿಗೆಗೆ ಹಿಡಿದು ನೋಡುತ್ತಿದ್ದೆ. ಚುರ್ರೆನ್ನುವುದು ನಿಂತಿತು. ಉರಿ ಇಳಿಯಿತು. ಕಳೆದ ಭಾನುವಾರ ಮಧ್ಯಾಹ್ನ ಬರೀ ಮಜ್ಜಿಗೆಯ ಹುಳಿ. ಸ್ಪೀಕರು ಹಾಕಿ, ಚುಕ್ಕೆಗಳನ್ನು ನೋಡಿಕೊಂಡು, ದಪ್ಪ ತಂತಿಯನ್ನು ಮೀಟಿದೆ.

ತಟ್ಟೆಗಳು ಕಿಣಿಗುಟ್ಟಿದವು.

ಸ್ಪೀಕರು ಆರಿಸದೆಯೇ ಗಿರಿಗೆ ಫೋನು ಮಾಡಿದೆ. ತನಗೆ ಕಿವಿ ಕೇಳದೆಂದು ನಂಬಿದಂದಿನಿಂದ ಅವನು ಫೋನಿನಲ್ಲಿ ಕೂಗಿಯೇ ಮಾತಾಡುತ್ತಾನೆ.

"ಏನಕ್ಕ? ಜೋರಾಗಿ ಹೇಳು."

"ಏನಿಲ್ಲ. ಊಟ ಆಯ್ತಾ?"

"ಆಯ್ತು. ಚಪಾತಿ. ಮುದ್ದೆ ಎಲ್ಲಿ ಸಿಕ್ತೈತೆ ಇಲ್ಲಿ?" ಆಮೇಲೆ, "ಅಕ್ಕ, ನಿನ್ ಹಿಂದೆ ಏನೋ ಸಣ್ಣಗೆ ಗುಂಯ್ ಅಂತೈತಲ್ಲ, ಫ್ರಿಜ್ಜಾ? ರಿಪೇರಿ ಮಾಡಿಸು" ಎಂದ.

ಅದು ಸ್ಪೀಕರಿನ ಗುಂಯ್. ಕೋಣೆಯಲ್ಲೇ ನಿಂತಿದ್ದ ನನ್ನ ಗಮನಕ್ಕೂ ಅದು ಬಂದಿರಲಿಲ್ಲ. ಅಷ್ಟು ದೂರದಿಂದ ಅವನಿಗೆ ಕೇಳಿಸಿತ್ತು. ಹೇಳಲು ಬಾಯಿ ತೆರೆದೆ.

"ಹೂಂ. ಮಾಡಿಸ್ತೀನಿ" ಎಂದೆ.

ಅವನು ಫೋನಿಟ್ಟ ಮೇಲೆ ವೈರು ಕಿತ್ತಿಟ್ಟೆ. ಅವನು ನನಗೆ ಒಪ್ಪಿಸಿದ್ದು ಅದೊಂದೇ ಕೆಲಸ. ಕಿತ್ತಿಟ್ಟರೆ, ಅವನು ಬರುವತನಕ ಬ್ಯಾಟರಿಯಲ್ಲಿ ಅಷ್ಟು ಹುಳಿಯಾದರೂ ಉಳಿದಿರುತ್ತದೆ.