ಇವಾನೊವೊದ ನೀಲಿ ಅರಿವೆ

ಜುಲೈ ನಾಲ್ಕರ ದಿನಚರಿಯಲ್ಲಿ ಹೀಗೆ ಬರೆದುಕೊಂಡಿದ್ದೇನೆ: "ಚಿಕ್ಕೋಡಿ ತಲುಪಿದ್ದು ಮಧ್ಯಾಹ್ನ. ಅವ್ವನಿಗೆ: ಅಜ್ಜಿ ಕೊಟ್ಟ ಬಟ್ಟೆ, ಒಂದು. ಅಪ್ಪನಿಗೆ: ಉಣ್ಣೆಯ ಕಾಲುಚೀಲ, ಎರಡು ಜೊತೆ. ಚಾಕೊಲೇಟು: ಹನ್ನೊಂದು. ದಾರಿಯಲ್ಲಿ ನಾನೇ ತಿಂದದ್ದು: ಎರಡು." ಮನೆಗೆ ಬಂದದ್ದನ್ನು ಬರೆದಿಟ್ಟೆ. ಬಂದದ್ದು ಮನೆಯಿಂದ ಎಲ್ಲಿಗೆ ಹೋಯಿತೆಂದು ಬರೆಯುವ ರೂಢಿ ಆಗ ನನಗಿರಲಿಲ್ಲ.

ನಾನು ರಷ್ಯಾದ ಇವಾನೊವೊದಲ್ಲಿ ವೈದ್ಯಕೀಯ ಓದುತ್ತೇನೆ. ಮಾಸ್ಕೋದಿಂದ ರೈಲಿನಲ್ಲಿ ನಾಲ್ಕು ತಾಸಿನ ದಾರಿ. ಅದು ಬಟ್ಟೆಯ ಊರು. ಊರ ನಡುವೆ ಹರಿಯುವ ಹೊಳೆಯ ಎರಡೂ ದಂಡೆಗೆ ಕೆಂಪು ಇಟ್ಟಿಗೆಯ ಗಿರಣಿಗಳು, ಅವುಗಳ ಎತ್ತರದ ಚಿಮಣಿಗಳು. ಒಂದು ಕಾಲಕ್ಕೆ ಅರ್ಧ ದೇಶದ ಹೆಂಗಸರು ಉಟ್ಟ ಹೂವಿನ ಅಚ್ಚಿನ ಹತ್ತಿಯ ಚೀಟಿ ಬಟ್ಟೆ ಅಲ್ಲಿಯದೇ ಅಂತೆ. ಹೂವಿನ ಬದಲು ಟ್ರ್ಯಾಕ್ಟರು, ವಿಮಾನ, ಹಲ್ಲಿನ ಚಕ್ರ ಅಚ್ಚು ಹಾಕಿದ ಕಾಲವೂ ಇತ್ತು. ಅಂಥ ಬಟ್ಟೆಗಳನ್ನು ಅಲ್ಲಿನ ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಇಟ್ಟಿದ್ದಾರೆ. ಗಿರಣಿ ಕೆಲಸಕ್ಕೆಂದು ಹಳ್ಳಿಗಳಿಂದ ಹುಡುಗಿಯರೇ ಬಂದು ತುಂಬಿಕೊಂಡದ್ದರಿಂದ ಅದಕ್ಕೆ ಮದುವಣಗಿತ್ತಿಯರ ಊರು ಎಂದು ಹೆಸರು. ಈಗ ಬಹಳಷ್ಟು ಗಿರಣಿಗಳು ನಿಂತಿವೆ. ಕೆಲವು ಮಾಲ್ ಆಗಿವೆ.

ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಅಂಥ ಮದುವಣಗಿತ್ತಿಯರಲ್ಲಿ ಒಬ್ಬಳು. ಹದಿನೇಳಕ್ಕೆ ಮಗ್ಗದ ಮುಂದೆ ನಿಂತವಳು, ಗಿರಣಿ ನಿಲ್ಲುವವರೆಗೂ ನಿಂತೇ ಇದ್ದಳು. ಅವಳ ಕಿವಿಯನ್ನು ಮಗ್ಗಗಳ ಸದ್ದು ತಿಂದುಹಾಕಿತ್ತು. ಇಚಲಕರಂಜಿಯ ಗಲ್ಲಿಗಳಲ್ಲಿ ಪವರ್‌ಲೂಮಿನ ಸದ್ದು ಕೇಳಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅಜ್ಜಿ ತುಟಿ ಓದುತ್ತಿದ್ದಳು. ಆ ಸದ್ದಿನಲ್ಲಿ ಮಾತು ಕೇಳಿಸದ ಕಾರಣ ನೇಯುವ ಹೆಂಗಸರೆಲ್ಲ ಹಾಗೇ ಮಾತಾಡುತ್ತಿದ್ದರಂತೆ, ದನಿ ಇಲ್ಲದೆ, ತುಟಿಯಲ್ಲಿ. ನನ್ನ ರಷ್ಯನ್ ಉಚ್ಚಾರಕ್ಕೆ ಕಾಲೇಜಿನಲ್ಲಿ ಎಲ್ಲರೂ ನಗುತ್ತಿದ್ದರು. ನಗದವಳು ಇವಳೊಬ್ಬಳು. ಅವಳಿಗೆ ನನ್ನ ಉಚ್ಚಾರ ಕೇಳಿಸುತ್ತಲೇ ಇರಲಿಲ್ಲ.

ಅವಳ ಪಕ್ಕದ ಮಗ್ಗದಲ್ಲಿ ಒಬ್ಬ ಗೆಳತಿ ಇದ್ದಳು. ಬದುಕಿನ ಎಲ್ಲ ಗುಟ್ಟನ್ನೂ ಇಬ್ಬರೂ ಮಗ್ಗದ ಮೇಲಿಂದಲೇ, ಇನ್ನೂರು ಜನರ ಎದುರಿನಲ್ಲಿ, ಯಾರಿಗೂ ಕೇಳಿಸದಂತೆ ಹೇಳಿಕೊಂಡಿದ್ದರು. ಆ ಗೆಳತಿ ನಾನು ಅಲ್ಲಿಗೆ ಹೋಗುವ ಮೊದಲೇ ತೀರಿಹೋಗಿದ್ದಳು. ಗೋಡೆಯ ಮೇಲಿನ ಫೋಟೋದಲ್ಲಿ ಇಬ್ಬರೂ ತಲೆಗೆ ಒಂದೇ ಥರದ ವಸ್ತ್ರ ಕಟ್ಟಿಕೊಂಡು ನಿಂತಿದ್ದಾರೆ.

ಅಜ್ಜಿಯ ಕಪಾಟಿನ ಕೆಳಗಿನ ಹಲಗೆಯಲ್ಲಿ ತಲೆದಿಂಬಿನ ಚೀಲವೊಂದರಲ್ಲಿ ಒಂದು ಗಂಟು ಇರುತ್ತಿತ್ತು. ಅಲ್ಲಿನ ಮುದುಕಿಯರು ತಮ್ಮ ಸಾವಿಗೆ ಬೇಕಾದ್ದನ್ನು ತಾವೇ ಕಟ್ಟಿಡುತ್ತಾರೆ: ಉಡುಪು, ತಲೆವಸ್ತ್ರ, ಚಪ್ಪಲಿ, ಪೆಟ್ಟಿಗೆಯಲ್ಲಿ ಮಲಗಿಸಿದ ಮೇಲೆ ಹೊದಿಸುವ ಬಟ್ಟೆ. ಅಜ್ಜಿ ಕಸ ಹೊಡೆಯುವಾಗಲೆಲ್ಲ ಆ ಗಂಟನ್ನು ಕಾಲಿನಿಂದ ಸರಿಸಿ, "ಇದು ನಂದು, ನೀನು ಮುಟ್ಟಬೇಡ" ಎಂದು ನಗುತ್ತಿದ್ದಳು. ಒಳಗೇನಿದೆಯೆಂದು ನಾನು ನೋಡಿರಲಿಲ್ಲ.

ಈ ಸಲ ರಜೆಗೆ ಹೊರಟಾಗ ಅವಳು ಹಳೆಯ ಪೇಪರಿನಲ್ಲಿ ಸುತ್ತಿದ ಬಟ್ಟೆಯೊಂದನ್ನು ನನ್ನ ಬ್ಯಾಗಿಗೆ ತುರುಕಿ, "ನಿಮ್ಮಮ್ಮನಿಗೆ" ಎಂದಳು. ಚಿಕ್ಕೋಡಿಯಲ್ಲಿ ಅವ್ವ ಅದನ್ನು ಬಿಚ್ಚಿದಳು. ನೀಲಿ ಹತ್ತಿ, ಮೈತುಂಬ ಕೊತ್ತಂಬರಿ ಹೂವಿನಷ್ಟು ಸಣ್ಣ ಬಿಳಿ ಹೂ. ಸೀರೆಗೆ ಸಾಲದು, ರವಿಕೆಯ ಖಣಕ್ಕೆ ದೊಡ್ಡದು. ಅವ್ವ ಕೆನ್ನೆಗೆ ಒತ್ತಿಕೊಂಡು, "ಏನ್ ಮೆತ್ತಗೈತೇ ಯವ್ವಾ" ಎಂದು ಟ್ರಂಕಿನಲ್ಲಿಟ್ಟಳು.

ನಮ್ಮ ಕಡೆಯ ಟ್ರಂಕುಗಳ ಸಂಗತಿ ಗೊತ್ತಿರುವವರಿಗೆ ಮುಂದಿನದು ಗೊತ್ತು. ಮನೆಗೆ ಬಂದ ಮುತ್ತೈದೆ ಹೊರಟು ನಿಂತರೆ ಉಡಿ ತುಂಬಬೇಕು, ಬರಿ ಉಡಿಯಲ್ಲಿ ಕಳಿಸಬಾರದು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಜೊತೆಗೊಂದು ಬಟ್ಟೆ. ಹಾಗೆ ಬಂದ ಬಟ್ಟೆಗೆ ಯಾರೂ ಕತ್ತರಿ ಹಾಕುವುದಿಲ್ಲ. ಮಡಿಕೆ ಬಿಚ್ಚದೆ ಇನ್ನೊಬ್ಬರ ಉಡಿಗೆ ಹಾಕುತ್ತಾರೆ.

ಆಗಸ್ಟ್ ಹನ್ನೆರಡರ ಸಂಜೆ ಅಜ್ಜಿಯ ಮಗಳು ವಿಡಿಯೊ ಕರೆ ಮಾಡಿದಳು. ಅಜ್ಜಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟಿತ್ತಂತೆ. ನನ್ನನ್ನು ಕಂಡೊಡನೆ ಅವಳು ಕೇಳಿದ್ದು ಬಟ್ಟೆಯ ಬಣ್ಣ.

"ನೀಲಿ," ಎಂದೆ.

ಅವಳು ಕಣ್ಣು ಮುಚ್ಚಿಕೊಂಡಳು. "ಮಗಳೇ, ಅದು ನನ್ನದು. ನಿಮ್ಮಮ್ಮನಿಗೆ ಇಟ್ಟದ್ದು ಚೌಕಳಿ, ಹಾಸಿಗೆಗೆ. ನನ್ನ ಒಂದು ಕಣ್ಣಿಗೆ ಪೊರೆ ಬಂದಿದೆ, ಎರಡಕ್ಕೂ ಪೇಪರು ಸುತ್ತಿದ್ದೆ. ನಿನ್ನೆ ಮಗಳು ಗಂಟು ಬಿಚ್ಚಿದರೆ ಚೌಕಳಿ ಅಲ್ಲೇ ಇತ್ತು."

ಆಮೇಲೆ ಅದರ ಕತೆ ಹೇಳಿದಳು. ತೊಂಬತ್ತರ ದಶಕದಲ್ಲಿ ಅವರ ದೇಶ ಒಡೆದ ಮೇಲೆ ಗಿರಣಿಗಳಿಗೆ ಹತ್ತಿ ಬರುವುದು ನಿಂತು, ಪಗಾರಕ್ಕೆ ದುಡ್ಡಿಲ್ಲದೆ ಬಟ್ಟೆಯನ್ನೇ ಕೊಡುತ್ತಿದ್ದರು. ಹೆಂಗಸರು ಚಾದರಗಳನ್ನು ಹೊತ್ತು ಸ್ಟೇಷನ್ನಿಗೆ ಹೋಗಿ, ನಿಂತ ರೈಲುಗಳ ಕಿಟಕಿಗೆ ಎತ್ತಿ ಹಿಡಿದು ಮಾರುತ್ತಿದ್ದರು. ಅಜ್ಜಿಯೂ ಗೆಳತಿಯೂ ಸಿಕ್ಕಿದ್ದನ್ನೆಲ್ಲ ಮಾರಿ ಉಂಡರು, ಕೊನೆಯ ಸಲದ ಒಂದು ತುಂಡಿನ ಹೊರತು. ಅವರದೇ ಮಗ್ಗದಿಂದ ಇಳಿದು ಅದೇ ಗಿರಣಿಯಲ್ಲಿ ಅಚ್ಚಾದ ನೀಲಿ. ಅದನ್ನು ನಡುವೆ ಹರಿದು ಅರ್ಧರ್ಧ ಹಂಚಿಕೊಂಡರು. ಸಾಯುವಾಗ ಹೊದ್ದುಕೊಳ್ಳಲು.

"ಅವಳು ಹೊದ್ದುಕೊಂಡು ಹೋಗಿದ್ದಾಳೆ," ಎಂದಳು ಅಜ್ಜಿ. "ನನ್ನ ಅರ್ಧ ನೀನು ಬರುವಾಗ ತಾ. ಡಾಕ್ಟರು ಏನೂ ಹೇಳುತ್ತಿಲ್ಲ, ಆದರೆ ಅವರ ತುಟಿ ನಾನು ಓದಿದ್ದೇನೆ."

ನಾನು ಅಡುಗೆಮನೆಗೆ ಓಡಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅದನ್ನ ನಿಮ್ಮತ್ತಿ ಉಡಿಗೆ ಹಾಕಿ ಕಳಿಸೇನಲ್ಲ! ಅಯ್ಯ ಶಿವನ, ಹೆಣದ ಅರಿವಿ ಮುತ್ತೈದಿ ಉಡ್ಯಾಗ!"

"ಇನ್ನೂ ಯಾರೂ ಸತ್ತಿಲ್ಲಬೇ."

"ಸಾಯಾಕಂತನಽ ಇಟ್ಟಿದ್ದಲ್ಲೇನ ಅದು?" ಅವಳು ಕೈಯ ಹಿಟ್ಟು ಕೊಡವಿಕೊಂಡಳು. "ನಾಳೆ ಹೋಗಿ ತಗೊಂಬಾ. ಹೆಣದ್ದಂತ ಮಾತ್ರ ಹೇಳಬ್ಯಾಡ. ಅದಲಿ ಬದಲಿ ಆಗೇತಿ ಅಂತ ಹೇಳು, ಸಾಕು."

ಸೋದರತ್ತೆ ಇರುವುದು ರಾಯಬಾಗ ತಾಲೂಕಿನ ಅಲಖನೂರಿನಲ್ಲಿ. ಮರುದಿನ ನಾನು ಹೋದಾಗ ಅವಳು ಎಮ್ಮೆಗೆ ಕಬ್ಬಿನ ವಾಡೆ ಹಾಕುತ್ತಿದ್ದಳು. ಅವ್ವ ಬೇರೆ ಬಟ್ಟೆಯೊಂದನ್ನು ಬದಲಿಗೆ ಕೊಟ್ಟು ಕಳಿಸಿದ್ದಳು. ಅತ್ತೆ ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಡಾಕ್ಟರಕಿ ಆಗಿ ಬರ್ತಾಳಂತ ನಾವು ಕಾಯಾಕತ್ತೇವಿ, ನೀ ನೋಡಿದ್ರ ಅರಿವಿ ಹುಡುಕ್ಕೋತ ಬಂದಿ. ಉಡಿಗೆ ಹಾಕಿದ್ದನ್ನ ತಿರುಗಿ ಬೇಡೂದು ರಷ್ಯಾದಾಗ ಕಲಿಸ್ತಾರೇನ ತಂಗಿ? ಇಲ್ಲಾ ನಿಮ್ಮವ್ವ, ನಮ್ಮ ವೈನಿ, ಕಲಿಸಿ ಕಳಿಸ್ಯಾಳೋ?"

"ತಪ್ಪಿ ಬಂದೈತಿ ಅತ್ತಿ. ಅಲ್ಲಿ ಒಬ್ಬ ಅಜ್ಜಿಗೆ ಅದು ಬೇಕಾಗೇತಿ."

"ಬೇಕಾಗಿದ್ರ ಏನ್ ಮಾಡ್ಲಿ? ಪಂಚಮ್ಯಾಗ ಅಥಣಿ ಬೀಗತಿ ಬಂದಿದ್ಲು, ಆಕಿಗೆ ಹಾಕೇನಿ." ನನ್ನ ಮುಖ ನೋಡಿ ಅವಳ ದನಿ ಮೆತ್ತಗಾಯಿತು. "ಕತ್ತರಿ ಹಾಕಿರಾಂಗಿಲ್ಲ, ಅಂಜಬ್ಯಾಡ. ನಮ್ಮ ಮಂದ್ಯಾಗ ಕೊಟ್ಟ ಅರಿವಿ ಯಾರು ಹೊಲಿಸ್ಕೊಂಡಾರ? ತಿರಗಿ ತಿರಗಿ ಒಂದಿನ ನಮ್ಮ ಟ್ರಂಕಿಗೇ ಬರತೈತಿ."

ಆ ಮಾತು ನಂಬಿಕೊಂಡು ಗುರುವಾರ ಅಥಣಿಗೆ ಹೋದೆ. ಕತ್ತರಿ ಬೀಳದಿದ್ದರೆ ಸಾಕು, ಮಿಕ್ಕದ್ದು ಬಸ್ಸು ಹತ್ತಿ ಇಳಿಯುವ ಕೆಲಸ ಎಂದುಕೊಂಡಿದ್ದೆ. ಚಪ್ಪಲಿ ಹೊಲಿಯುವವರ ಓಣಿ ದಾಟಿದರೆ ಬೀಗತಿಯ ಮನೆ. ಆಕೆ ನನ್ನನ್ನು ಕೂರಿಸಿ ಚಹಾ ಕೊಟ್ಟು, ಬಟ್ಟೆಯ ಮಾತು ಬಂದೊಡನೆ ತಲೆ ಮೇಲಿನ ಸೆರಗು ಸರಿಮಾಡಿಕೊಂಡಳು.

"ಸೋಮವಾರ ಕಾಗವಾಡದಾಗ ನಮ್ಮ ದೊಡ್ಡವ್ವ ಹೋದ್ಲವ್ವಾ. ಫೋನ್ ಬಂದಾಗ ನಸುಕಿನ್ಯಾಗ ಐದೂವರಿ. ಹೆಣಕ್ಕ ಹೊದಸೂ ಅರಿವಿ ಇಲ್ಲದ ಹೆಂಗ ಹೋಗೂದು? ಅಂಗಡಿ ಯಾವೂ ತಗದಿರಾಂಗಿಲ್ಲ. ಟ್ರಂಕ್ ತಗದ್ನಿ, ಮ್ಯಾಲೆ ಅದಽ ಇತ್ತು."

ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ. ಅಜ್ಜಿಯ ಕರೆ ಬಂದದ್ದು ಮಂಗಳವಾರ. ಅವಳು ಬೇಡುವ ಹಿಂದಿನ ದಿನವೇ ಅದು ಮಣ್ಣಿಗೆ ಹೋಗಿತ್ತು.

"ಬೇಕಂತ ಮುದ್ದಾಂ ಮಾಡಿದ್ದಲ್ಲಬೇ," ಎಂದಳು ಬೀಗತಿ, ಬೈಸಿಕೊಂಡವಳ ಹಾಗೆ. "ಚೊಲೊ ಅರಿವಿ ಅಂತನಽ ಒಯ್ದೆ."

ಅಲ್ಲಿಂದ ತಿರುಗಿ ಬರಬಹುದಿತ್ತು. ಆದರೆ ಅಜ್ಜಿಗೆ ಏನು ಹೇಳುವುದು? ಕಣ್ಣಿಂದ ನೋಡಿದ್ದನ್ನಾದರೂ ಹೇಳೋಣವೆಂದು ಕಾಗವಾಡದ ಬಸ್ಸು ಹತ್ತಿದೆ. ತೀರಿಹೋದಾಕೆಯ ಮಗ, ಅರವತ್ತು ದಾಟಿದವರು, ನನ್ನನ್ನು ದ್ರಾಕ್ಷಿ ತೋಟದ ಮೂಲೆಗೆ ಕರೆದೊಯ್ದರು. ಹಸಿ ಮಣ್ಣಿನ ದಿಬ್ಬ, ಮೇಲೆ ಒಣಗಿದ ಬಿಲ್ವದೆಲೆ, ವಿಭೂತಿ.

"ಸೀರಿ ಹದಿನೈದಿಪ್ಪತ್ತು ಬಂದಿದ್ದೂರಿ," ಎಂದರು. "ಆದರ ಎಲ್ಲಾ ಪಾಲಿಸ್ಟರ್. ನಮ್ಮ ಮಠದ ಐನಾರು ಮುಟ್ಟಿ ಮುಟ್ಟಿ ನೋಡಿ, ಇದು ಮಣ್ಣಾಗ ಕರಗೂದಲ್ಲ, ಮೈಗೆ ಸುತ್ತೂದು ಹತ್ತಿ ಅರಿವಿ ಇರ್ಲಿ ಅಂದ್ರು. ಇದ್ದದ್ದು ಆ ನೀಲೀದೊಂದಽ. ಅದನ್ನ ಸುತ್ತಿ ಕುಂದರಿಸಿದ್ವಿ." ದಿಬ್ಬದ ಮೇಲಿನ ಎಲೆ ಸರಿಮಾಡುತ್ತ ಕೇಳಿದರು: "ನಿಮ್ಮದೇನ್ರಿ ಅದು?"

"ಒಬ್ಬ ಅಜ್ಜೀದ್ರಿ. ದೂರದಾಕಿ."

"ಹಂಗಾರ ಅವರಿಗೆ ಹೇಳ್ರಿ, ನಮ್ಮವ್ವಗ ಬಾಳ ಒಪ್ಪಿತ್ತಂತ."

ಮರುದಿನ ಚಿಕ್ಕೋಡಿಯಿಂದ ಕರೆ ಮಾಡಿದೆ. ಬೆಳಕು ಮುಖದ ಮೇಲೆ ಬೀಳುವಂತೆ ಕಿಟಕಿಯ ಎದುರು ಕೂತು, ತುಟಿ ಸರಿಯಾಗಿ ಆಡಿಸುತ್ತ ಎಲ್ಲವನ್ನೂ ಹೇಳಿದೆ.

"ಮಣ್ಣಿನಲ್ಲಿ?" ಎಂದಳು ಅಜ್ಜಿ ಕೊನೆಗೆ.

"ಮಣ್ಣಿನಲ್ಲಿ."

"ಮಿಕ್ಕದ್ದೆಲ್ಲ ಪಾಲಿಸ್ಟರಾ? ಅಷ್ಟು ಹತ್ತಿ ಬೆಳೆಯುವ ದೇಶದಲ್ಲಿ?"

ನಾನು ಹೌದೆಂದು ತಲೆಯಾಡಿಸಿದೆ. ನಮ್ಮ ಕಡೆ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ ಎಂದೂ ಹೇಳಿದೆ. ತಾನು ತಪ್ಪು ಓದಿದೆನೆಂದು ಅವಳು ಫೋನನ್ನು ಹತ್ತಿರ ಹಿಡಿಯಲು ಮಗಳಿಗೆ ಸನ್ನೆ ಮಾಡಿದಳು. ನಾನು ಮತ್ತೆ ಹೇಳಿದೆ.

"ಕೂತಿದ್ದಾಳೆ," ಎಂದಳು ಅಜ್ಜಿ. "ನನ್ನ ಬಟ್ಟೆಯಾದರೂ ಕೂತಿತಲ್ಲ. ನಾನು ನಿಂತೇ ಮುಗಿಸಿದೆ."

ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಕಿವಿ ಕೇಳದವಳು ಮುಖ ತಿರುಗಿಸಿದರೆ ಅವಳೊಡನೆ ಆಡುವ ಮಾತು ಅಲ್ಲಿಗೆ ಮುಗಿಯಿತು. ಮಗಳೇ ಕರೆ ಕತ್ತರಿಸಿದಳು.

ನಾನು ಹೊರಡುವ ದಿನ ಅವ್ವ ಟ್ರಂಕಿನ ತಳದಿಂದ ತನ್ನ ಮದುವೆಯ ಗುಳೇದಗುಡ್ಡದ ಖಣ ತೆಗೆದಳು. ಇಷ್ಟು ವರ್ಷ ಯಾರ ಉಡಿಗೂ ಹಾಕದೆ ಉಳಿಸಿಕೊಂಡದ್ದು. "ಆಕಿ ಗಂಟಿನ್ಯಾಗ ಇದನ್ನ ಇಡು ಅಂತ ಹೇಳು," ಎಂದಳು. ಹೆಣದ ಅರಿವೆಯೆಂದು ಬೆದರಿದ್ದವಳೇ ಅದನ್ನು ಕುಂಕುಮ ಹಚ್ಚಿ ಕೊಟ್ಟಳು.

ಸೆಪ್ಟೆಂಬರ್ ಒಂದರಂದು ಅಜ್ಜಿಯ ಮುಂದೆ ಖಣ ಬಿಚ್ಚಿದೆ. ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು, ದಿಂಬುಗಳಿಗೆ ಒರಗಿ ಕೂತಿದ್ದಳು. ಬಣ್ಣ ನೋಡಲಿಲ್ಲ. ಮೊದಲು ಹಿಂದುಮುಂದು ಮಾಡಿದಳು, ಅಂಚನ್ನು ಉಗುರಿನಿಂದ ಸವರಿದಳು, ಒಂದು ಕಡೆ ಬೆರಳು ನಿಲ್ಲಿಸಿದಳು. "ಇಲ್ಲಿ ಎಳೆ ಹರಿದಿತ್ತು. ಚೆನ್ನಾಗಿ ಗಂಟು ಹಾಕಿದ್ದಾನೆ. ಕೈಮಗ್ಗ." ನನಗೆ ಸಮಾಧಾನವಾಯಿತು, ಒಪ್ಪಿಕೊಂಡಳೆಂದು.

ಅವಳು ಅದನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ನನ್ನ ತೊಡೆಯ ಮೇಲಿಟ್ಟಳು.

"ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು. ಬಹಳ ಒಳ್ಳೆಯ ಬಟ್ಟೆ. ಆದರೆ ಇದನ್ನು ಹೊದ್ದು ಹೋದರೆ ಅವಳಿಗೆ ನನ್ನ ಗುರುತು ಸಿಗುವುದಿಲ್ಲ."

ನಾನು ಗೋಡೆಯ ಮೇಲಿನ ಫೋಟೋ ನೋಡಿದೆ. ಒಂದೇ ಥರದ ಎರಡು ತಲೆವಸ್ತ್ರ.

ಅಕ್ಟೋಬರ್ ಹತ್ತೊಂಬತ್ತರಂದು ಅಜ್ಜಿ ತೀರಿಕೊಂಡಳು. ಗಂಟಿನಲ್ಲಿ ಉಡುಪು, ತಲೆವಸ್ತ್ರ, ಚಪ್ಪಲಿ ಇದ್ದವು. ಹೊದಿಸುವ ಬಟ್ಟೆಯನ್ನು ಮಗಳು ಆ ಬೆಳಿಗ್ಗೆ ಮಾಲಿನಿಂದ ತಂದಳು. ಅಜ್ಜಿ ನೇಯ್ದ ಗಿರಣಿಯೇ ಆ ಮಾಲ್. ಅವಳ ಮಗ್ಗವಿದ್ದ ಅಂತಸ್ತಿನಲ್ಲಿ ಈಗ ಮೊಬೈಲ್ ಕವರುಗಳನ್ನೂ ಪರದೆಗಳನ್ನೂ ಮಾರುತ್ತಾರೆ. ಬಿಳಿ ಬಟ್ಟೆ, ಹೊಳಪಿತ್ತು. ಪೆಟ್ಟಿಗೆಯ ಅಂಚಿನಲ್ಲಿ ನಾನು ಅದನ್ನು ಬೆರಳ ನಡುವೆ ಹಿಡಿದು ನೋಡಿದೆ. ಹತ್ತಿಯಲ್ಲ. ಮಗಳು ನನ್ನ ಬೆರಳನ್ನೇ ನೋಡುತ್ತಿದ್ದಳು, ನಾನು ಬಟ್ಟೆಯನ್ನು ಅಜ್ಜಿಯ ಎದೆಯವರೆಗೆ ಎಳೆದೆ.

ಆ ಭಾನುವಾರವೇ ಅವ್ವನಿಗೆ ಎಲ್ಲ ತಿಳಿಸಿದೆ. ಖಣ ನನ್ನ ಬಳಿಯೇ ಉಳಿಯಿತೆಂದೂ ಹೇಳಿದೆ. ಅವಳ ಹಿಂದೆ ಕುಕ್ಕರು ಕೂಗುತ್ತಿತ್ತು.

"ಆ ಗೆಳತಿಗೆ ಗುರುತ ಹತ್ತಿರತೈತೇನ?" ಎಂದಳು.

ನಾನು ಮೇಜಿನ ಮೇಲಿದ್ದ ಖಣದ ಮಡಿಕೆ ಸವರಿದೆ.

"ಆ ಚೌಕಳಿ ಅರಿವಿ, ನನಗಂತ ಇಟ್ಟಿದ್ದು, ಅಲ್ಲೇ ಐತೇನ?"

"ಐತಿ."

"ಬರುವಾಗ ತಾ," ಎಂದಳು ಅವ್ವ. "ಅದನ್ನ ನಾ ಯಾರಿಗೂ ಕೊಡಾಂಗಿಲ್ಲ."