ಕಾಫಿ ಬಣ್ಣದ ನೂಲಿನ ಗುಡ್ಡ

ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಂದಿದ್ದ ನನ್ನ ನಾದಿನಿ, ಗಣಿತದಲ್ಲೇ ಎಂ.ಎಸ್ಸಿ.ಗೂ ಹೋಗುತ್ತೇನೆಂದಾಗ ಮಾವನವರು ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಕುಶಾಲನಗರದ ಸಂತೆಯಿಂದ ಬಂದು ಜಗಲಿಯಲ್ಲಿ ಕೂತವರು, "ಅಲ್ಲ ಕಣವ್ವ, ಗದ್ದೆ ತೋರ್ಸು ಅಂದ್ರೆ ನಾನು ಗದ್ದೆ ತೋರಿಸ್ತೀನಿ. ನೀನು ಓದೋದನ್ನ ಒಂದ್ಸಲ ನನ್ನ ಕಣ್ಣಿಗೆ ತೋರ್ಸು. ಆಮೇಲೆ ಕಳಿಸೋ ಮಾತು" ಎಂದರು.

ಅವಳ ಬಳಿ ಇದ್ದದ್ದು ಒಂದು ಸಮೀಕರಣ. ಅದರೊಳಗೆ ನುಣುಪಾದ ಗುಡ್ಡವೊಂದಿದೆಯಂತೆ.

"ಕಾಣೋ ಹಾಗೆ ಮಾಡಬಹುದು ಅತ್ತಿಗೆ" ಎಂದು ಗ್ರಾಫ್ ಕಾಗದ ಹರಡಿದಳು. ಕಾಗದದ ಮೇಲಂಚಿನ ಕಡೆಯಿಂದ ಬೆಳಕು ಬರುತ್ತಿದೆ ಎಂದುಕೊಳ್ಳುವುದು. ಪ್ರತಿ ಚೌಕದ ಮೇಲಿನಿಂದ ನೋಟವನ್ನು ನೆಟ್ಟಗೆ ಇಳಿಸಿ, ಅದು ಗುಡ್ಡವನ್ನು ಮುಟ್ಟುವಲ್ಲಿ ಬೆಳಕು ನೇರವಾಗಿ ಬೀಳುತ್ತದೋ ಓರೆಯಾಗಿಯೋ ಎಂದು ಲೆಕ್ಕ ಹಾಕುವುದು. ನೇರವಾದರೆ ಒಂದು, ಓರೆಯಾದಷ್ಟೂ ದೊಡ್ಡ ಅಂಕಿ. ಲಾಗರಿದಮ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಚೌಕ ಚೌಕವಾಗಿ ತುಂಬುತ್ತಾ ಹೋದಳು.

ಆ ಕಾಗದ ನೋಡಿ ನನಗೆ ನಗು ಬಂತು. ಕಾನ್ವೆಂಟಿನಲ್ಲಿ ಸಿಸ್ಟರು ಕೊಡುತ್ತಿದ್ದ ಕ್ರಾಸ್ ಸ್ಟಿಚ್ ನಮೂನೆಯೂ ಹೀಗೇ: ಚೌಕಕ್ಕೊಂದು ಅಂಕಿ, ಅಂಕಿಗೊಂದು ಬಣ್ಣ. "ಇದನ್ನ ನಾನು ಹೊಲೀತೀನಿ ಬಿಡು" ಎಂದೆ.

ಬಿಳಿ ನೂಲನ್ನು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದೆವು. ಒಂದಕ್ಕೆ ಕೆನೆಯ ಬಣ್ಣ, ಅಂಕಿ ದೊಡ್ಡದಾದಂತೆ ಹುರಿದ ಬೀಜದ ಬಣ್ಣದವರೆಗೆ. ಅತ್ತೆ ಇಣುಕಿದರು. "ಮನೆಯೋರಿಗೆ ನೀರು ಕಾಫಿ, ನೂಲಿಗೆ ಗಟ್ಟಿ ಕಾಫಿ! ಸಕ್ಕರೆ ಹಾಕಿದ್ರಾ?"

ಸಿಸ್ಟರು ಕಲಿಸಿದಂತೆ ನಾನು ಚೌಕ ನೇಯ್ಗೆಯ ಮ್ಯಾಟಿ ಬಟ್ಟೆಯ ಕೆಳಗಿನ ಸಾಲಿನಿಂದ ಹೊಲಿಯತೊಡಗಿದೆ. ಪಕ್ಕದಲ್ಲಿ ಕೂತ ನಾದಿನಿ ಅಂಕಿಗಳನ್ನು ಓದಿ ಹೇಳಿದಳು, ಪುಸ್ತಕ ಓದುವವರಂತೆ ಮೇಲಿನ ಸಾಲಿನಿಂದ. ಹೀಗಾದರೆ ಮೇಲಿನದು ಕೆಳಗಾಗುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಮುಗಿದ ದಿನ ಅದನ್ನು ಮಾವನವರ ಮುಂದೆ ಹಿಡಿದಳು. ಅವರು ಕನ್ನಡಕ ಒರೆಸಿ ಹಾಕಿಕೊಂಡರು.

"ಚೆನ್ನಾಗೈತೆ ಗುಂಡಿ."

"ಗುಂಡಿ ಅಲ್ಲಪ್ಪ, ಗುಡ್ಡ."

"ನನಗೆ ಗುಂಡಿನೇ ಕಾಣೋದು. ಗುಡ್ಡ ಅಂತ ಹೆಂಗೆ ಅನ್ನಲಿ?"

ನಾನೂ ನೋಡಿದೆ. ಗುಂಡಿಯೇ. ಮೇಲ್ಬದಿಯಲ್ಲಿರಬೇಕಾದ ಬೆಳಕು ಕೆಳಗೆ ಬಂದು ಕೂತಿತ್ತು. ನಾದಿನಿಯ ಮುಖ ಸಣ್ಣದಾಯಿತು. ಬಟ್ಟೆಯನ್ನು ಮೇಜಿನ ಮೇಲೆ ಬಿಟ್ಟು ಒಳಗೆ ಹೊರಟಳು.

ಎದುರು ಬದಿಯಿಂದ ಕಾಫಿ ಇಡಲು ಬಂದ ಅತ್ತೆ, "ಎಲ್ಲಿ ಗುಂಡಿ? ಬೋರಲು ಹಾಕಿದ ಬೋಗುಣಿ ಹಂಗೆ ಉಬ್ಬಿ ಕೂತೈತೆ" ಎಂದರು.

ಮಾವನವರು ಬಟ್ಟೆಯನ್ನು ತಿರುಗಿಸಿದರು. ಗುಡ್ಡ ಎದ್ದಿತು. ಮತ್ತೆ ತಿರುಗಿಸಿದರು. ಗುಂಡಿ. ಕಾಫಿ ಆರುತ್ತಿತ್ತು.

"ಹೊಲಿಗೆ ಒಂದೇ. ಎರಡು ಹೆಂಗವ್ವ?"

ಅವಳು ಬಾಗಿಲಲ್ಲೇ ನಿಂತಳು. "ಬೆಳಕು ಮೇಲಿಂದಾನೇ ಬರೋದು ಅಂತ ಕಣ್ಣು ಮೊದಲೇ ಅಂದ್ಕೊಂಡಿರುತ್ತೆ ಅಪ್ಪ. ಬಿಳುಪು ಮೇಲಿದ್ರೆ ಗುಡ್ಡ, ಕೆಳಗಿದ್ರೆ ಗುಂಡಿ. ಯಾಕೆ ಹಂಗೆ ಅಂದ್ಕೊಳ್ಳುತ್ತೋ, ನಂಗೂ ಗೊತ್ತಿಲ್ಲ."

"ಮೈಸೂರಲ್ಲಿ ಗೊತ್ತಿರೋರು ಇದ್ದಾರಾ?"

"ಇರಬಹುದು."

"ಹಂಗಾದ್ರೆ ಹೋಗಿ ಕೇಳ್ಕೊಂಡು ಬಾ."

ಅವಳು ಹೋದ ಮೇಲೆ ಬಟ್ಟೆಯನ್ನು ರೇಡಿಯೋ ಮೇಲೆ ಹಾಸಿದೆ. ಬೆಳಿಗ್ಗೆ ಧೂಳು ಒರೆಸಿ ಗುಡ್ಡವಾಗಿ ಇಟ್ಟರೆ ಸಂಜೆಗೆ ಗುಂಡಿಯಾಗಿರುತ್ತಿತ್ತು. ತಿರುಗಿಸಿದ್ದು ಯಾರೆಂದು ನಾನು ಕೇಳಲು ಹೋಗಲಿಲ್ಲ; ಮಾವನವರ ಕನ್ನಡಕ ಅಲ್ಲೇ ಪಕ್ಕದಲ್ಲಿ ಇರುತ್ತಿತ್ತು.